ಸೋವಿಯ ನಾಡಿನಲ್ಲಿ ಎರಡು ವರ್ಷ

ನಮ್ಮ ಸಮಾಜದ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಸಾಗರ ದಾಟಿ ಹೋಗುವುದು ಈಗ ಹೊಸ ಸಂಗತಿಯಲ್ಲ. ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಗಳ ಯಾವ ಬಡಾವಣೆಯಲ್ಲಿ ವಿಚಾರಿಸಿದರೂ ಅಮೆರಿಕೆಯಲ್ಲೋ ಆಸ್ಟ್ರೇಲಿಯದಲ್ಲೋ ಮಗನನ್ನು ಇಟ್ಟುಕೊಂಡಿರುವ ತಾಯಿತಂದೆಗಳು ಸಿಕ್ಕದೇ ಹೋಗುವುದಿಲ್ಲ. ಆದರೆ ಸೇವೆಯಿಂದ ನಿವೃತ್ತರಾದ ಹಿರಿಯರೇ ಗಂಟುಮೂಟೆ ಕಟ್ಟಿಕೊಂಡು, ದುಡಿಮೆಗೂ ಅಲ್ಲ, ಮಕ್ಕಳ ಮನೆಗೂ ಅಲ್ಲ, ಬಾಳು ಸೋವಿಯಾಗಿ ಸಾಗುತ್ತದೆಂಬ ಒಂದೇ ಕಾರಣಕ್ಕೆ ಪರದೇಶವೊಂದರಲ್ಲಿ ನೆಲೆಸಲು ಹೊರಡುವುದು ಈಚಿನ ಬೆಳವಣಿಗೆ. ಪಾಶ್ಚಾತ್ಯ ದೇಶಗಳ ನಿವೃತ್ತರು ಬಹುಕಾಲದಿಂದ ಹೀಗೆ ಮಾಡುತ್ತಿದ್ದಾರೆ. ನಮ್ಮವರು ಈಗ ತಾನೇ ಆ ದಾರಿಯತ್ತ ಕಣ್ಣು ಹಾಯಿಸುತ್ತಿದ್ದಾರೆ. ೨೦೨೨ರ ನವೆಂಬರಿನಿಂದ ೨೦೨೪ರ ನವೆಂಬರಿನವರೆಗೆ ನಾವು ದಂಪತಿಗಳು ಥೈಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿದ್ದು ಹಿಂತಿರುಗಿದೆವು. ಅಂದಿನಿಂದ ಮದುವೆ, ಗೃಹಪ್ರವೇಶ, ಶಿವಗಣಾರಾಧನೆ ಎಲ್ಲಿ ನಾಲ್ಕು ಜನ ಸೇರಿದರೂ ಬಂಧುಗಳು ನಮ್ಮನ್ನು ಕೇಳುವ ಮೊದಲ ಪ್ರಶ್ನೆ, “ಅಲ್ಲಿ ತಿಂಗಳಿಗೆ ಎಷ್ಟು ಬೀಳುತ್ತದೆ?” ಎಂಬುದೇ ಆಗಿರುತ್ತದೆ. ಆ ಪ್ರಶ್ನೆಗೆ ಒಂದು ಸಂಖ್ಯೆಯನ್ನು ಹೇಳಿ ಸುಮ್ಮನಾಗುವುದು ಸುಲಭ. ಹಾಗೆ ಹೇಳಿದರೆ ಕೇಳಿದವರಿಗೆ ಉಪಕಾರವಾಗಲಾರದೆಂದು ತೋರಿ ಇದನ್ನು ಬರೆಯುತ್ತಿದ್ದೇವೆ.

ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು ೭೦೦ ಕಿಲೋಮೀಟರ್ ದೂರದಲ್ಲಿ, ಬೆಟ್ಟಗಳ ನಡುವಣ ಬಯಲಿನಲ್ಲಿ ಚಿಯಾಂಗ್ ಮಾಯ್ ಇದೆ. ಕ್ರಿ.ಶ. ೧೨೯೬ರಲ್ಲಿ ಮಂಗ್ರಾಯ್ ಎಂಬ ಅರಸ ಕಟ್ಟಿಸಿದ ಊರು. ಹಳೆಯ ಪೇಟೆಯನ್ನು ಚೌಕಾಕಾರವಾಗಿ ಸುತ್ತುವರಿದ ಕಂದಕದಲ್ಲಿ ಇಂದಿಗೂ ನೀರಿದೆ. ಪಶ್ಚಿಮಕ್ಕೆ ದೋಯ್ ಸುಥೇಪ್ ಎಂಬ ಬೆಟ್ಟ, ಅದರ ಮೇಲೆ ಹೊಳೆಯುವ ಹೊನ್ನಿನ ಚೈತ್ಯ. ನಮ್ಮ ಮಗಳು ಅಳಿಯ ಸಿಂಗಪುರದಲ್ಲಿದ್ದಾರೆ. ಅಲ್ಲಿ ಅವರು ತಮ್ಮ ಮನೆಗೆ ಒಂದು ತಿಂಗಳಿಗೆ ಕೊಡುವ ಬಾಡಿಗೆಯಲ್ಲಿ ನಾವು ಚಿಯಾಂಗ್ ಮಾಯ್‌ನಲ್ಲಿ ಮೂರು ತಿಂಗಳು ಉಂಡುಟ್ಟು ಇರಬಹುದು. ಅಲ್ಲಿಂದ ಇಲ್ಲಿಗೆ ಮೂರು ಗಂಟೆಯ ವಿಮಾನ ಪ್ರಯಾಣ. ಮೊಮ್ಮಗಳನ್ನು ಎರಡು ತಿಂಗಳಿಗೊಮ್ಮೆ ನೋಡಬಹುದು, ಮಗಳ ಸಂಸಾರಕ್ಕೆ ಭಾರವಾಗಿಯೂ ಇರಬೇಕಿಲ್ಲ ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು.

ಆ ಪ್ರಶ್ನೆಗೆ ಉತ್ತರವನ್ನು ಮೊದಲು ಕೊಟ್ಟುಬಿಡುವುದು ಒಳಿತು. ಒಂದು ಮಲಗುವ ಕೋಣೆಯ, ಸಾಮಾನು ಸರಂಜಾಮು ಸಹಿತವಾದ ಮನೆಗೆ ನಾವು ತಿಂಗಳಿಗೆ ೧೦,೫೦೦ ಬಾತ್ ಬಾಡಿಗೆ ಕೊಡುತ್ತಿದ್ದೆವು. ದಿನಸಿ, ತರಕಾರಿ, ಹಾಲು, ಹಣ್ಣುಗಳಿಗೆ ೯,೦೦೦. ವಿದ್ಯುತ್ತು ನೀರಿಗೆ ೧,೪೦೦. ಔಷಧೋಪಚಾರಕ್ಕೆ ಸರಾಸರಿ ೩,೦೦೦. ಓಡಾಟ, ದೂರವಾಣಿ, ಇತರೆ ಎಲ್ಲ ಸೇರಿ ಒಟ್ಟು ೩೦,೦೦೦ ಬಾತ್ ಆಗುತ್ತಿತ್ತು. ಆಗ ಒಂದು ಬಾತಿಗೆ ಸುಮಾರು ೨ ರೂಪಾಯಿ ೩೫ ಪೈಸೆ. ಎಂದರೆ ೭೦,೦೦೦ ರೂಪಾಯಿಯ ಮೇಲೆ ಸ್ವಲ್ಪ. ಇದನ್ನು ಕೇಳಿದ ಬೆಂಗಳೂರಿನ ಬಂಧುಗಳು “ಪರವಾಗಿಲ್ಲವಲ್ಲ” ಎನ್ನುತ್ತಾರೆ, ದಾವಣಗೆರೆಯವರು ಹುಬ್ಬೇರಿಸುತ್ತಾರೆ. ಇಬ್ಬರದೂ ಸರಿ. ದಾವಣಗೆರೆಯ ಸ್ವಂತ ಮನೆಯಲ್ಲಿ ನಮ್ಮ ಇಬ್ಬರ ಸಂಸಾರ ಅದರ ಅರ್ಧದಲ್ಲಿ ನಡೆಯುತ್ತಿತ್ತು.

ಸೋವಿ ಎಂಬ ಮಾತು ಯಾರ ಚೀಲದಿಂದ ಹಣ ಹೊರಬರುತ್ತದೆ ಎಂಬುದರ ಮೇಲೆ ನಿಂತಿದೆ. ಡಾಲರು, ಪೌಂಡುಗಳಲ್ಲಿ ವರಮಾನವಿರುವವನಿಗೆ ಥೈಲೆಂಡು ಸೋವಿ. ರೂಪಾಯಿಯ ಪಿಂಚಣಿಯನ್ನು ನೆಚ್ಚಿಕೊಂಡವನಿಗೆ ಅದು ತನ್ನ ಊರಿಗಿಂತ ತುಟ್ಟಿಯೇ. ಅದೂ ಸ್ಥಿರವಾದ ತುಟ್ಟಿಯಲ್ಲ. ೧೯೯೭ರ ಜುಲೈ ೨ರಂದು ಥೈಲೆಂಡು ತನ್ನ ನಾಣ್ಯವನ್ನು ಡಾಲರಿನ ಕಟ್ಟಿನಿಂದ ಬಿಚ್ಚುವ ಮೊದಲು ಒಂದು ಬಾತು ಒಂದೂವರೆ ರೂಪಾಯಿಗೂ ಕಡಿಮೆ ಬೆಲೆಯದಾಗಿತ್ತು. ೨೦೨೫ರ ಕೊನೆಯ ಹೊತ್ತಿಗೆ ಅದು ಎರಡೂಮುಕ್ಕಾಲು ರೂಪಾಯಿಯನ್ನು ಮೀರಿತ್ತು. ನಾವು ಅಲ್ಲಿದ್ದಾಗ ೭೦,೦೦೦ ರೂಪಾಯಿಗೆ ನಡೆದ ಅದೇ ಸಂಸಾರಕ್ಕೆ ಆಗ ೮೦,೦೦೦ಕ್ಕೂ ಮಿಕ್ಕಿ ಬೇಕಾಗುತ್ತಿತ್ತು. ಅನ್ನದ ಬೆಲೆ ಒಂದು ಬಾತೂ ಏರದಿದ್ದರೂ ಸರಿಯೇ. ನಾಲ್ಕು ದಶಕ ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಕುಳಿತವರಾದ ನಮಗೆ ಈ ವಿನಿಮಯ ದರವೆಂಬುದು ಮೊದಲೇ ಪರಿಚಿತ. ಆದರೂ ಸಂಬಳ ಬರುವಾಗ ಅದನ್ನು ನೋಡುವ ಕಣ್ಣು ಬೇರೆ, ಪಿಂಚಣಿಯ ಮೇಲೆ ಬದುಕುವಾಗ ನೋಡುವ ಕಣ್ಣು ಬೇರೆ.

ಇನ್ನು ಅಲ್ಲಿರಲು ಬೇಕಾದ ಅನುಮತಿಯ ವಿಚಾರ. ೫೦ ವರ್ಷ ತುಂಬಿದವರಿಗೆ ಆ ದೇಶ ನಿವೃತ್ತರೆಂದು ವರ್ಷ ವರ್ಷಕ್ಕೂ ವಾಸದ ಅನುಮತಿ ಕೊಡುತ್ತದೆ. ನಾವಿದ್ದಾಗಿನ ನಿಯಮದಂತೆ ಅದಕ್ಕೆ ಅಲ್ಲಿಯ ಬ್ಯಾಂಕಿನಲ್ಲಿ ೮ ಲಕ್ಷ ಬಾತ್ ಠೇವಣಿ ಇರಬೇಕು, ಇಲ್ಲವೇ ತಿಂಗಳಿಗೆ ೬೫,೦೦೦ ಬಾತ್ ವರಮಾನವನ್ನು ತೋರಿಸಬೇಕು. ನಮ್ಮಂಥವರಿಗೆ ಎರಡನೆಯದು ದೂರದ ಮಾತು. ಆದ್ದರಿಂದ ಹದಿನೆಂಟು ಲಕ್ಷ ರೂಪಾಯಿಗೂ ಹೆಚ್ಚಿನ ಹಣವನ್ನು ಇಲ್ಲಿಂದ ಅಲ್ಲಿಗೆ ಕಳುಹಿಸಬೇಕಾಯಿತು. ಅನುಮತಿ ದೊರೆತ ಮೇಲೂ ಮೂರು ತಿಂಗಳು ಅದನ್ನು ಮುಟ್ಟುವಂತಿಲ್ಲ. ಆಮೇಲೂ ೪ ಲಕ್ಷಕ್ಕಿಂತ ಕೆಳಗಿಳಿಸುವಂತಿಲ್ಲ. ನಮ್ಮದೇ ಹಣ, ಆದರೆ ನಮ್ಮ ಕೈಗೆ ಬಾರದು. ಹೀಗೆ ಹಣ ಕಳುಹಿಸುವವರು ಇನ್ನೊಂದನ್ನು ತಿಳಿದಿರಬೇಕು. ೨೦೨೩ರ ಅಕ್ಟೋಬರ್ ೧ರಿಂದ ವರ್ಷಕ್ಕೆ ೭ ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ನಮ್ಮ ಸರ್ಕಾರ ಶೇಕಡಾ ೨೦ರಷ್ಟನ್ನು ಮೊದಲೇ ಹಿಡಿದುಕೊಳ್ಳುವ ಕ್ರಮ ಜಾರಿಗೆ ಬಂತು; ೨೦೨೫ರ ಏಪ್ರಿಲಿನಿಂದ ಆ ಮಿತಿ ೧೦ ಲಕ್ಷಕ್ಕೆ ಏರಿತು. ಅದು ಆದಾಯ ತೆರಿಗೆಯ ಲೆಕ್ಕದಲ್ಲಿ ಹಿಂದಕ್ಕೆ ಬರುತ್ತದೆಂಬುದು ನಿಜ, ಆದರೆ ಬರುವವರೆಗೆ ಕೈ ಕಟ್ಟಿಹಾಕಿದಂತೆಯೇ. ಥೈಲೆಂಡು ಕೂಡ ೨೦೨೪ರ ಜನವರಿ ೧ರಿಂದ, ವರ್ಷದಲ್ಲಿ ೧೮೦ ದಿನ ಅಲ್ಲಿ ವಾಸಿಸಿದವರು ಹೊರಗಿನಿಂದ ತರಿಸಿಕೊಳ್ಳುವ ಆದಾಯದ ಮೇಲೆ ತೆರಿಗೆಯ ಕಣ್ಣಿಟ್ಟಿದೆ. ಇದಲ್ಲದೆ ತೊಂಬತ್ತು ದಿನಗಳಿಗೊಮ್ಮೆ “ನಾವು ಇದೇ ವಿಳಾಸದಲ್ಲಿದ್ದೇವೆ” ಎಂದು ಕಚೇರಿಗೆ ವರದಿ ಒಪ್ಪಿಸಬೇಕು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಸಿಂಗಪುರಕ್ಕೆ ಹೋಗಬೇಕಾದರೂ ಮರುಪ್ರವೇಶದ ಮುದ್ರೆಯನ್ನು ಮೊದಲು ಹಾಕಿಸಿಕೊಳ್ಳಬೇಕು. ಇಲ್ಲದೆ ಹೊರಬಿದ್ದರೆ ವರ್ಷದ ಅನುಮತಿಯೇ ರದ್ದು. ಅಲ್ಲಿಯ ನೌಕರರು ಸಭ್ಯರು, ಲಂಚವನ್ನು ಯಾರೂ ಕೇಳಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೂ ಆ ಸಾಲಿನಲ್ಲಿ ನಿಂತಾಗಲೆಲ್ಲ ನಾವು ಅತಿಥಿಗಳು ಎಂಬುದು ಮನಸ್ಸಿಗೆ ನಾಟುತ್ತಿತ್ತು.

ಲಾಭದ ಪಕ್ಷವನ್ನು ಹೇಳದೆ ಹೋದರೆ ಆ ಜನಕ್ಕೆ ಅನ್ಯಾಯ ಮಾಡಿದಂತಾದೀತು. ಎರಡು ವರ್ಷಗಳಲ್ಲಿ ನಮ್ಮ ಬೀದಿಯಲ್ಲಿ ಯಾರೂ ಕೂಗಾಡಿ ಜಗಳವಾಡಿದ್ದನ್ನು ನಾವು ಕೇಳಲಿಲ್ಲ. ವಾಹನಗಳು ತುಂಬಿದ ಚೌಕದಲ್ಲಿಯೂ ಹಾರ್ನಿನ ಸದ್ದಿಲ್ಲ. ನಮ್ಮ ಮನೆಯವರು ತಮ್ಮ ಅರವತ್ತಮೂರನೆಯ ವಯಸ್ಸಿನಲ್ಲಿ, ಜೀವನದಲ್ಲಿ ಮೊತ್ತಮೊದಲ ಬಾರಿಗೆ, ರಾತ್ರಿ ಒಂಬತ್ತರ ಮೇಲೆ ಒಬ್ಬರೇ ಕಂದಕದ ದಂಡೆಗೆ ತಿರುಗಾಡಲು ಹೋಗಿಬಂದರು. ಬಂದವರು ಏನನ್ನೂ ಹೇಳಲಿಲ್ಲ, ಮರುದಿನವೂ ಹೋದರು. ಬೆಳಿಗ್ಗೆ ಬೀದಿಯ ಮೂಲೆಯಲ್ಲಿ ಭಿಕ್ಷುಗಳು ಬರಿಗಾಲಿನಲ್ಲಿ ಸಾಲಾಗಿ ಬರುತ್ತಾರೆ. ಗೃಹಿಣಿಯರು ಮೊಣಕಾಲೂರಿ ಅವರ ಪಾತ್ರೆಗೆ ಬಿಸಿ ಅನ್ನವನ್ನು ನೀಡುತ್ತಾರೆ. ಜಂಗಮರು ‘ಭಿಕ್ಷಾ’ ಎಂದು ಬಾಗಿಲಿಗೆ ಬಂದಾಗ ನಮ್ಮ ಅಜ್ಜಿ ಜೋಳವನ್ನು ಮೊರದಲ್ಲಿ ತರುತ್ತಿದ್ದುದನ್ನು ಕಂಡು ಬೆಳೆದ ನಮಗೆ ಆ ನೋಟ ಪರಕೀಯವೆನಿಸಲಿಲ್ಲ. ಭಾಷೆಯೂ ಅಷ್ಟೇ. ಕಿವಿಗೆ ಬೀಳುವಾಗ ಏನೂ ತಿಳಿಯದು, ಬಿಡಿಸಿ ನೋಡಿದರೆ ನೆಂಟಸ್ತಿಕೆ ಕಾಣುತ್ತದೆ. ಅವರ ತಿಂಗಳುಗಳ ಹೆಸರುಗಳೆಲ್ಲ ರಾಶಿಗಳವು: ಜನವರಿ ಮಕರ, ಫೆಬ್ರವರಿ ಕುಂಭ, ಮಾರ್ಚ್ ಮೀನ. ಅವರ ನಮಸ್ಕಾರದ ‘ಸವಸ್ದೀ’ ನಮ್ಮ ‘ಸ್ವಸ್ತಿ’ಯಿಂದ ಬಂದದ್ದು. ಏಪ್ರಿಲಿನ ‘ಸೋಂಕ್ರಾನ್’ ಸಂಕ್ರಾಂತಿಯೇ.

ಇನ್ನೊಂದು ಅನುಕೂಲ ನಮ್ಮ ಧರ್ಮದ್ದೇ. ಪರದೇಶಕ್ಕೆ ಹೋದ ಅನ್ಯರು ದೇವಸ್ಥಾನವೆಲ್ಲಿ, ಪೂಜಾರಿಗಳೆಲ್ಲಿ ಎಂದು ಹುಡುಕಬೇಕಾಗುತ್ತದೆ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವರಿಗೆ ಆ ಕೊರತೆ ಇಲ್ಲ. ಕೋಣೆಯ ಕಿಟಕಿಯ ಬಳಿ ಮಣೆ ಹಾಕಿ ಕುಳಿತರೆ ಅದೇ ದೇಗುಲ. ಹನ್ನೆರಡನೆಯ ಶತಮಾನದ ಶರಣರು ಈ ವ್ಯವಸ್ಥೆಯನ್ನು ವಲಸೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ, ಆದರೂ ಅದರ ಬೆಲೆ ನಮಗೆ ಅಲ್ಲಿ ತಿಳಿಯಿತು. ವಿಭೂತಿಯ ಗಟ್ಟಿಗಳನ್ನು ಊರಿನಿಂದ ಒಯ್ದಿದ್ದೆವು. ಬಿಲ್ವಪತ್ರೆಯ ಚಿಂತೆ ಇತ್ತು. ಮಾರುಕಟ್ಟೆಯಲ್ಲಿ ಒಣಗಿಸಿದ ಬಿಲ್ವದ ಕಾಯಿಯ ಬಿಲ್ಲೆಗಳನ್ನು ‘ಮತೂಮ್’ ಎಂಬ ಹೆಸರಿನಲ್ಲಿ ಕಷಾಯಕ್ಕಾಗಿ ಮಾರುತ್ತಿದ್ದುದನ್ನು ಕಂಡ ಮನೆಯವರು, ಕಾಯಿ ಇದ್ದಲ್ಲಿ ಮರವೂ ಇರಲೇಬೇಕೆಂದು ತರ್ಕಿಸಿ, ಕೈಸನ್ನೆಯಲ್ಲೇ ವಿಚಾರಿಸುತ್ತ ಹೋಗಿ, ಮೂರನೆಯ ವಾರಕ್ಕೆ ಒಂದು ವಿಹಾರದ ಹಿತ್ತಲಲ್ಲಿ ಮರವನ್ನು ಪತ್ತೆಮಾಡಿದರು. ಅಲ್ಲಿಯ ಹಿರಿಯ ಭಿಕ್ಷುಗಳು ಸೋಮವಾರ ಸೋಮವಾರ ಎಲೆ ಕೊಯ್ದುಕೊಳ್ಳಲು ಅಪ್ಪಣೆ ಕೊಟ್ಟರು. ಏತಕ್ಕೆಂದು ಕೇಳಲೇ ಇಲ್ಲ.

ಊಟದ ವಿಷಯ ನಮ್ಮ ಮನೆತನಗಳಿಗೆ ಮುಖ್ಯವಾದುದರಿಂದ ಎರಡು ಮಾತು. ಸಸ್ಯಾಹಾರಕ್ಕೆ ಅವರ ಭಾಷೆಯಲ್ಲಿ ‘ಮಂಗ್ಸವಿರತ್’ ಎನ್ನುತ್ತಾರೆ. ಅದು ‘ಮಾಂಸವಿರತಿ’ ಎಂಬ ಸಂಸ್ಕೃತ ಶಬ್ದವೇ ಎಂದು ತಿಳಿದಾಗ ಸಂತೋಷವಾಯಿತು. ಆದರೆ ಶಬ್ದದಲ್ಲಿರುವ ವಿರತಿ ಬಾಣಲೆಯಲ್ಲಿ ಇರುವುದಿಲ್ಲ. ತರಕಾರಿಯ ಪಲ್ಯವೆಂದು ಕೊಟ್ಟದ್ದರಲ್ಲಿಯೂ ಮೀನಿನ ರಸ, ಒಣಸೀಗಡಿಯ ಹಿಂಡಿ ಬೆರೆತಿರುತ್ತವೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳಲ್ಲಿ ಮಾತ್ರ ನಿರ್ಭಯವಾಗಿ ಉಣ್ಣಬಹುದು. ಅವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಮನೆಯಲ್ಲಿ ಅಡುಗೆ ಮಾಡಿಕೊಳ್ಳುವವರಿಗೆ ತೊಂದರೆಯೇನೂ ಇಲ್ಲ. ನುಗ್ಗೆ, ಬದನೆ, ಹೀರೆ, ಕುಂಬಳ, ತೆಂಗು, ಬಾಳೆ ಎಲ್ಲವೂ ಸಮೃದ್ಧ. ಜೋಳದ ಹಿಟ್ಟೊಂದು ಮಾತ್ರ ಇಲ್ಲ. ಐದು ಕಿಲೋ ಒಯ್ದರೆ ನಾಲ್ಕು ತಿಂಗಳು ಬರುತ್ತಿತ್ತು, ಆಮೇಲೆ ಅನ್ನವೇ ಗತಿ.

ಹೊಗೆಯ ಮಾತನ್ನು ಚಿಯಾಂಗ್ ಮಾಯ್ ಕುರಿತು ಹೊಗಳಿ ಬರೆಯುವವರು ಅನೇಕ ವೇಳೆ ಮರೆಸುತ್ತಾರೆ. ಫೆಬ್ರವರಿಯಿಂದ ಏಪ್ರಿಲ್ ಮುಗಿಯುವ ತನಕ ಸುತ್ತಣ ಹೊಲಗಳ ಕೂಳೆಗೂ ಕಾಡಿನ ತರಗಿಗೂ ಬೆಂಕಿ ಬೀಳುತ್ತದೆ. ಬೆಟ್ಟಗಳ ನಡುವಣ ಬೋಗುಣಿಯಂಥ ಆ ಬಯಲಿನಲ್ಲಿ ಹೊಗೆ ಹೊರಹೋಗದೆ ನಿಲ್ಲುತ್ತದೆ. ೨೦೨೩ರ ಮಾರ್ಚಿನಲ್ಲಿ ಜಗತ್ತಿನ ಅತಿ ಮಲಿನ ಗಾಳಿಯ ನಗರಗಳ ಪಟ್ಟಿಯಲ್ಲಿ ಆ ಊರು ಹಲವು ದಿನ ಮೊದಲ ಸ್ಥಾನದಲ್ಲಿತ್ತು. ಮನೆಯಿಂದ ಕಾಣುತ್ತಿದ್ದ ದೋಯ್ ಸುಥೇಪ್ ಬೆಟ್ಟವೇ ವಾರಗಟ್ಟಲೆ ಮಾಯವಾಯಿತು. ಮನೆಯವರ ಕೆಮ್ಮು ಮೇ ತಿಂಗಳ ಮಳೆ ಬಿದ್ದ ಮೇಲೆ ನಿಂತಿತು. ೨೦೨೪ರ ಅಕ್ಟೋಬರ್ ಮೊದಲ ವಾರದಲ್ಲಿ ಪಿಂಗ್ ನದಿ ಹಿಂದೆಂದೂ ದಾಖಲಾಗದಷ್ಟು ಎತ್ತರಕ್ಕೆ ಉಕ್ಕಿತು. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಮೊಣಕಾಲಿನವರೆಗೆ ನೀರು. ಇವು ಎಲ್ಲ ಊರಿನಲ್ಲಿಯೂ ಒಂದಲ್ಲ ಒಂದು ಬಗೆಯಲ್ಲಿ ಇರುವ ಕಷ್ಟಗಳು. ಇವುಗಳಿಂದಾಗಿ ಯಾರೂ ಊರು ಬಿಡುವುದಿಲ್ಲ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೊಂದು. ಹೋದ ಹೊಸದರಲ್ಲಿ ವಿಶ್ರಾಂತಿ ಹಿತವೆನಿಸಿತು. ಆರು ತಿಂಗಳಾದ ಮೇಲೆ ಹೊತ್ತು ಹೋಗದಾಯಿತು. ಬೀದಿಯ ಕೊನೆಯಲ್ಲಿದ್ದ ಒಂದು ಚಿಕ್ಕ ಶಾಲೆಗೆ ಹೋಗಿ, ವಾರಕ್ಕೆರಡು ದಿನ ಮಕ್ಕಳಿಗೆ ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡುತ್ತೇವೆ, ಬಿಡಿಗಾಸೂ ಬೇಡವೆಂದು ಕೇಳಿಕೊಂಡೆವು. ಅಲ್ಲಿಯ ಮುಖ್ಯ ಅಧ್ಯಾಪಕಿ ಬಹಳ ಸಂಕೋಚದಿಂದ, ನಿವೃತ್ತರ ಅನುಮತಿಯ ಮೇಲೆ ಬಂದವರು ಕೆಲಸ ಮಾಡುವಂತಿಲ್ಲ, ಸಂಬಳವಿಲ್ಲದ ಸೇವೆಗೂ ಪ್ರತ್ಯೇಕ ಅನುಮತಿಪತ್ರ ಬೇಕು, ಇಲ್ಲದಿದ್ದರೆ ತಮಗೂ ನಮಗೂ ತೊಂದರೆ ಎಂದು ತಿಳಿಸಿದರು. ಅಲ್ಲಿಯ ಕಾನೂನಿನಲ್ಲಿ ವಿದೇಶೀಯರು ಕೈಹಾಕಲೇಬಾರದ ಕಸುಬುಗಳ ಪಟ್ಟಿಯೊಂದಿದೆ. ಕೈಮಗ್ಗದ ನೇಯ್ಗೆ, ಚಾಪೆ ಹೆಣೆಯುವುದು, ಕ್ಷೌರ, ಮರದ ಕೆತ್ತನೆ, ಕೊಡೆ ಮಾಡುವುದು, ಬೀದಿಯಲ್ಲಿ ಮಾರುವುದು ಅದರಲ್ಲಿ ಸೇರಿವೆ. ಓದುತ್ತಿದ್ದಂತೆ ನಮಗೆ ಶರಣರ ಹಾಜರಿ ಪುಸ್ತಕವನ್ನೇ ನೋಡಿದಂತಾಯಿತು. ಜೇಡರ ದಾಸಿಮಯ್ಯನವರು ನೇಯುವಂತಿಲ್ಲ, ಮೇದಾರ ಕೇತಯ್ಯನವರೂ ನುಲಿಯ ಚಂದಯ್ಯನವರೂ ಹೆಣೆಯುವುದಕ್ಕೆ ಮೊದಲು ಕಚೇರಿಯಲ್ಲಿ ವಿಚಾರಿಸಿಕೊಂಡು ಬರಬೇಕು! ತಮ್ಮ ಬಡ ಕಸುಬುದಾರರ ಅನ್ನವನ್ನು ಹಣವಂತ ಪರದೇಶಿಗಳು ಕಸಿಯದಿರಲೆಂದು ಆ ಸರ್ಕಾರ ಮಾಡಿದ ಏರ್ಪಾಡು ಅದು; ನ್ಯಾಯವಾದದ್ದೇ. ನಮ್ಮ ಮಾತು ಬೇರೆ. ದುಡಿಯುವ ಕೈಯನ್ನೇ ಪೂಜೆಯ ಕೈಯೆಂದು ಎಣಿಸಿದ ಧರ್ಮದಲ್ಲಿ ಹುಟ್ಟಿದವರು, ಹಣ ಕೊಡುವುದೊಂದನ್ನು ಬಿಟ್ಟು ಇನ್ನಾವ ಬಗೆಯಲ್ಲಿಯೂ ಊರಿಗೆ ಉಪಯೋಗವಾಗದೆ ಇರುವುದು ಹೇಗೆ? ಹಣ ಕೊಟ್ಟು ಕೊಳ್ಳುವವನಾಗಿ ಮಾತ್ರ ಬದುಕಿದರೆ, ಎಷ್ಟು ಸೋವಿಯಾಗಿ ಕೊಂಡರೂ, ಅದು ಛತ್ರದ ವಾಸವೇ ಸರಿ.

ನಮ್ಮ ಮಹಡಿಯಲ್ಲಿ ಇಂಗ್ಲೆಂಡಿನ ವೃದ್ಧರೊಬ್ಬರಿದ್ದರು. ಉತ್ತರ ಇಂಗ್ಲೆಂಡಿನ ಪಟ್ಟಣವೊಂದರಲ್ಲಿ ಬಸ್ಸು ಸಂಸ್ಥೆಯ ಗುಮಾಸ್ತರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ, ೨೦೦೬ರಲ್ಲಿ ಅರವತ್ತೈದು ತುಂಬುತ್ತಲೇ ಅಲ್ಲಿಯ ಮನೆಯನ್ನು ಮಾರಿ ಚಿಯಾಂಗ್ ಮಾಯ್‌ಗೆ ಬಂದರು. ಆಗ ಅವರ ದೇಶದ ಪೂರ್ಣ ಪ್ರಮಾಣದ ಮೂಲ ವೃದ್ಧಾಪ್ಯ ಪಿಂಚಣಿ ವಾರಕ್ಕೆ ೮೪ ಪೌಂಡು ೨೫ ಪೆನ್ಸ್. ಒಂದು ಪೌಂಡಿಗೆ ೭೦ ಬಾತಿನ ಆಸುಪಾಸು. ವಾರಕ್ಕೆ ೫,೯೦೦ ಬಾತ್ ಎಂದರೆ ಆಗ ಅಲ್ಲಿ ಅದು ಒಳ್ಳೆಯ ಬಾಳು. ಆದರೆ ಬ್ರಿಟಿಷ್ ಸರ್ಕಾರ ಥೈಲೆಂಡಿನಲ್ಲಿ ನೆಲೆಸಿದ ತನ್ನ ಪಿಂಚಣಿದಾರರಿಗೆ ವರ್ಷ ವರ್ಷದ ಏರಿಕೆಯನ್ನು ಕೊಡುವುದಿಲ್ಲ. ಹೋದಾಗ ಎಷ್ಟಿತ್ತೋ ಅಷ್ಟೇ ಕೊನೆಯವರೆಗೆ. ೨೦೨೩ರಲ್ಲಿ ಇಂಗ್ಲೆಂಡಿನಲ್ಲಿದ್ದ ಅವರ ಸಮವಯಸ್ಕರಿಗೆ ಅದೇ ಪಿಂಚಣಿ ೧೫೬ ಪೌಂಡು ೨೦ ಪೆನ್ಸ್ ಆಗಿತ್ತು. ಇವರಿಗೆ ೮೪ ಪೌಂಡೇ. ಅಷ್ಟು ಹೊತ್ತಿಗೆ ಪೌಂಡು ೪೩ ಬಾತಿಗೆ ಇಳಿದಿದ್ದುದರಿಂದ ಕೈಗೆ ಬರುತ್ತಿದ್ದುದು ೩,೬೦೦. ಹದಿನೇಳು ವರ್ಷಗಳಲ್ಲಿ ಊರಿನ ಬಾಡಿಗೆ ಏರಿತ್ತು, ಔಷಧಿ ಏರಿತ್ತು, ವಯಸ್ಸು ಎಂಬತ್ತೆರಡು ಆಗಿತ್ತು. ಯಾವ ವಿಮಾ ಸಂಸ್ಥೆಯೂ ಆ ವಯಸ್ಸಿನಲ್ಲಿ ಸೇರಿಸಿಕೊಳ್ಳಲು ಒಪ್ಪಲಿಲ್ಲವಂತೆ. ಹಿಂತಿರುಗಿ ಹೋಗೋಣವೆಂದರೆ ಮಾರಿದ ಮನೆಯ ಬೆಲೆಗೆ ಅಲ್ಲಿ ಈಗ ಒಂದು ಕೋಣೆಯೂ ಬಾರದು. “ಸೋವಿಯೆಂದು ಬಂದೆ, ಈಗ ಇಲ್ಲಿರುವಷ್ಟೂ ಇಲ್ಲ, ಹೋಗುವಷ್ಟಂತೂ ಇಲ್ಲ” ಎಂದು ನಗುತ್ತಿದ್ದರು. ಯುಗಾದಿಗೂ ಬಸವ ಜಯಂತಿಗೂ ನಮ್ಮ ಮನೆಗೆ ಬಂದು ಹೋಳಿಗೆಯನ್ನು ಚಮಚದಿಂದ ತಿನ್ನುತ್ತಿದ್ದರು. ಬೀದಿಯ ಕಾಫಿ ಅಂಗಡಿಯ ಹೆಂಗಸು ಪ್ರತಿದಿನ ಸಂಜೆ ಅವರಿಗೆ ಒಂದು ಬಟ್ಟಲು ಗಂಜಿಯನ್ನು ಕಳುಹಿಸುತ್ತಿದ್ದಳು, ಹಣದ ಮಾತೆತ್ತುತ್ತಿರಲಿಲ್ಲ. ದಾಸೋಹವೆಂಬ ಶಬ್ದ ಅವಳಿಗೆ ತಿಳಿಯದು.

೨೦೨೪ರ ಜನವರಿಯ ಒಂದು ಬೆಳಿಗ್ಗೆ ಅವರು ಕಾಫಿಗೆ ಇಳಿದು ಬರಲಿಲ್ಲ. ಕಾವಲುಗಾರನೊಂದಿಗೆ ನಾವೂ ಹೋಗಿ ಬಾಗಿಲು ತೆರೆಸಿದಾಗ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡಿದ್ದರು. ಪೊಲೀಸರು ಬಂದರು, ಆಸ್ಪತ್ರೆಗೆ ಒಯ್ದರು, ಅವರ ರಾಯಭಾರ ಕಚೇರಿಗೆ ತಿಳಿಸಿದರು, ಕಾಗದಪತ್ರಗಳಾಗಲು ಒಂಬತ್ತು ದಿನ ಹಿಡಿಯಿತು. ಮಗನಿಗೆ ಬರಲಾಗಲಿಲ್ಲ. ಒಂದು ವಿಹಾರದಲ್ಲಿ ಭಿಕ್ಷುಗಳು ಪಾಲಿಯ ಮಂತ್ರಗಳನ್ನು ಹೇಳಿದರು. ಕಾವಲುಗಾರ, ನೆಲ ಒರೆಸುವಾಕೆ, ಕಾಫಿ ಅಂಗಡಿಯಾಕೆ, ಅವರ ದೇಶದ ಇಬ್ಬರು ಮುದುಕರು, ನಾವಿಬ್ಬರು, ಒಟ್ಟು ಏಳು ಜನ ಕೈಮುಗಿದು ನಿಂತೆವು. ಮಗ ದೂರವಾಣಿಯ ಪರದೆಯಲ್ಲಿ ನೋಡಿದ. ಬೂದಿಯನ್ನು ಅವನ ಇಚ್ಛೆಯಂತೆ ಪಿಂಗ್ ನದಿಯಲ್ಲಿ ಬಿಟ್ಟರು. ಬ್ಯಾಂಕಿನಲ್ಲಿದ್ದ ಠೇವಣಿಗೆ ಅಲ್ಲಿಯ ನ್ಯಾಯಾಲಯದ ಆದೇಶ ಬೇಕಾಯಿತು. ನಾವು ಹಿಂತಿರುಗುವವರೆಗೂ ಅದು ಇತ್ಯರ್ಥವಾಗಿರಲಿಲ್ಲ.

ಅಂದು ರಾತ್ರಿ ಮನೆಯವರು ಲಿಂಗಪೂಜೆ ಮುಗಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ರೀ, ನಮಗೇನಾದರೂ ಇಲ್ಲಿಯೇ ಆದರೆ, ನಮ್ಮನ್ನು ಎಲ್ಲಿ ಕೂರಿಸುತ್ತಾರೆ?” ಎಂದು ಕೇಳಿದರು.

ಓದುಗರಿಗೆ ವಿವರಿಸಬೇಕಾಗಿಲ್ಲ. ಸುಡುವುದು ನಮ್ಮ ಪದ್ಧತಿಯಲ್ಲ. ಲಿಂಗೈಕ್ಯರಾದವರನ್ನು ಧ್ಯಾನದ ಭಂಗಿಯಲ್ಲಿ ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣಿಗೆ ಒಪ್ಪಿಸುವುದು ಹಿರಿಯರು ನಡೆಸಿಕೊಂಡು ಬಂದ ಕ್ರಮ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆತನಗಳು ಸ್ವಂತ ಹೊಲದ ಅಂಚಿನಲ್ಲಿಯೇ ಅದಕ್ಕೊಂದು ಜಾಗ ಬಿಟ್ಟಿರುತ್ತವೆ. ಥೈಲೆಂಡಿನಲ್ಲಿ ವಿದೇಶೀಯರಿಗೆ ಭೂಮಿಯ ಒಡೆತನವಿಲ್ಲ. ಬಹುಮಹಡಿ ಕಟ್ಟಡವೊಂದರ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ ೪೯ರವರೆಗೆ ಹೊರಗಿನವರು ಮನೆಗಳನ್ನು ಕೊಳ್ಳಬಹುದು, ಆದರೆ ಕಾಲ ಕೆಳಗಿನ ಮಣ್ಣು ಅವರದಾಗದು. ನಾವು ನಾಲ್ಕು ಕಡೆ ವಿಚಾರಿಸಿದೆವು. ಸಿಕ್ಕ ಉತ್ತರದಂತೆ ದಾರಿಗಳು ಎರಡು: ಅಲ್ಲಿಯೇ ದಹನ ಮಾಡಿ ಬೂದಿಯನ್ನು ಊರಿಗೆ ಒಯ್ಯುವುದು, ಅಥವಾ ಶರೀರ ಕೆಡದಂತೆ ಔಷಧ ತುಂಬಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ, ದೂತಾವಾಸದ ಪತ್ರದೊಂದಿಗೆ ವಿಮಾನದ ಸರಕಾಗಿ ಕಳುಹಿಸುವುದು. ಹಾಗೆ ಬಂದ ಶರೀರವನ್ನು ಕುಳ್ಳಿರಿಸುವುದು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ನಾವು ಮುಂದಕ್ಕೆ ಕೇಳಲು ಹೋಗಲಿಲ್ಲ.

ಈ ವಿಷಯದಲ್ಲಿ ನಮ್ಮಿಬ್ಬರಲ್ಲಿ ಒಮ್ಮತವಿರಲಿಲ್ಲವೆಂದು ಹೇಳಬೇಕು. ಜೀವ ಹೋದ ಮೇಲೆ ಈ ಶರೀರ ಎಲ್ಲಿ ಬಿದ್ದರೇನು, ಶರಣರು ಮರಣವನ್ನೇ ಹಬ್ಬವೆಂದು ಕಂಡವರಲ್ಲವೇ ಎಂಬುದು ನಮ್ಮ ವಾದವಾಗಿತ್ತು. ಆ ಊರನ್ನು ನಮಗಿಂತ ಹೆಚ್ಚು ಮೆಚ್ಚಿಕೊಂಡಿದ್ದ ಮನೆಯವರದು ಬೇರೆಯೇ ದಾರಿ. “ನನಗೆ ಸಾವಿನ ಭಯವಿಲ್ಲ. ಆದರೆ ಹೂ ಹಾಕಲು ಬರುವ ಮಕ್ಕಳಿಗೆ ಯಾವ ಜಾಗ ತೋರಿಸೋಣ? ನದಿಯನ್ನು ತೋರಿಸೋಣವೇ?” ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಗಳನ್ನು ಕೇಳಿದಾಗ ಅವಳು ಅಳುತ್ತ, “ಅಪ್ಪಾಜಿ, ಅಮ್ಮ ಹೇಳಿದಂತೆ ಮಾಡಿ” ಎಂದಳು. ಮುಂದಿನ ನವೆಂಬರಿಗೆ ಅನುಮತಿಯನ್ನು ನವೀಕರಿಸದೆ, ಠೇವಣಿಯನ್ನು ಬಿಡಿಸಿಕೊಂಡು ಬಂದೆವು.

ಹಾಗೆಂದು ಯಾರೂ ಹೋಗಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ನಡುವಯಸ್ಸಿನವರು, ಹೊರದೇಶದ ನಾಣ್ಯದಲ್ಲಿ ಸಂಪಾದನೆ ಇರುವವರು, ಊರಿನಲ್ಲಿ ಮನೆಯನ್ನೂ ಹೊಲವನ್ನೂ ಮಾರದೆ ಇಟ್ಟುಕೊಂಡವರು ಎರಡು ಮೂರು ವರ್ಷ ಇದ್ದು ಬಂದರೆ ಲಾಭವೇ ಹೆಚ್ಚು. ಮನೆ ಮಾರಿ ಹೊರಡುವ ಆಲೋಚನೆಯಲ್ಲಿರುವ ನಿವೃತ್ತ ಬಂಧುಗಳಿಗೆ ಮಾತ್ರ, ಮಾರುವ ಮೊದಲು ಒಂದು ವರ್ಷ ಬಾಡಿಗೆಗೆ ಕೊಟ್ಟು ನೋಡಿ ಎಂದು ಬಲವಾಗಿ ಹೇಳುತ್ತೇವೆ. ಪಿಂಚಣಿದಾರರು ಪ್ರತಿ ನವೆಂಬರಿನ ಜೀವಂತ ಪ್ರಮಾಣಪತ್ರದ ಏರ್ಪಾಡನ್ನು ಹೊರಡುವ ಮೊದಲೇ ಮಾಡಿಕೊಳ್ಳಲಿ. ಈಗ ಮುಖಚಹರೆಯ ಮೂಲಕ ಮೊಬೈಲಿನಲ್ಲಿಯೇ ಕೊಡಬಹುದು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿಯೂ ಅಲ್ಲಿಯ ಭಾಷೆಯಲ್ಲಿ ಉಯಿಲು ಬರೆಸಿಡುವುದು ಅಗತ್ಯ.

ಥೈಲೆಂಡು ೨೦೨೩ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ ೩೦ ದಿನ ಇರಲು ಅವಕಾಶ ಕೊಟ್ಟು, ೨೦೨೪ರ ಜುಲೈನಲ್ಲಿ ಅದನ್ನು ೬೦ ದಿನಕ್ಕೆ ಏರಿಸಿತು. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವವರು ಆ ಹೊತ್ತಿನ ನಿಯಮವನ್ನು ತಿಳಿದುಕೊಂಡೇ ಹೊರಡಬೇಕು. ನಾವು ೨೦೨೫ರ ಡಿಸೆಂಬರಿನಲ್ಲಿ, ಹೊಗೆ ಏಳುವುದಕ್ಕೆ ಮೊದಲು, ಆರು ವಾರದ ಮಟ್ಟಿಗೆ ಹೋಗಿ ಬಂದೆವು. ವಿಹಾರದ ಬಿಲ್ವದ ಮರ ಪ್ರವಾಹದಲ್ಲಿ ಬಿದ್ದುಹೋಗಿತ್ತು. ಬುಡದಲ್ಲಿ ಚಿಗುರಿದ್ದ ಮೂರು ಸಸಿಗಳಿಗೆ ಭಿಕ್ಷುಗಳು ಬಿದಿರಿನ ಬೇಲಿ ಹಾಕಿಸಿದ್ದರು. ನಮ್ಮ ಮನೆಯವರನ್ನು ಕಂಡೊಡನೆ ಗುರುತು ಹಿಡಿದು, ಎಲೆ ಬೇಕಾದರೆ ಇನ್ನೆರಡು ವರ್ಷ ತಾಳಬೇಕೆಂದು ಬೆರಳೆತ್ತಿ ತೋರಿಸಿದರು.